ಹೆಜ್ಜೇನು ದಾಳಿ: ತಡೆಯುವುದು ಹೇಗೆ, ಎರಗಿದರೆ ಮಾಡಬೇಕಾದ್ದೇನು?

ಬೇಸಿಗೆ ರಜೆ ಎಂದರೆ ಬೆಟ್ಟ, ಕೋಟೆ, ದೇವಾಲಯಗಳ ಪ್ರವಾಸದ ಕಾಲ. ಅಲ್ಲಿನ ಬಂಡೆ, ಗೋಪುರ, ಎತ್ತರದ ಮರಗಳು ಹೆಜ್ಜೇನಿನ ನೆಲೆಗಳೂ ಹೌದು. ನಗರಗಳಲ್ಲಿ ನೀರಿನ ಟ್ಯಾಂಕ್, ಸೇತುವೆ, ಬಹುಮಹಡಿ ಕಟ್ಟಡಗಳ ಸಜ್ಜಾಗಳಲ್ಲಿಯೂ ಇವು ಗೂಡು ಕಟ್ಟುತ್ತವೆ.

ತುಡುವೆ ಜೇನು ಪೊಟರೆಯೊಳಗೆ ಅಡಗಿ ಗೂಡು ಕಟ್ಟಿದರೆ, ಹೆಜ್ಜೇನು ಬಯಲಿನಲ್ಲಿಯೇ ಒಂದು ದೊಡ್ಡ ಎರಿ ಕಟ್ಟುತ್ತದೆ. ಮರೆಯಿಲ್ಲದ ಗೂಡಿಗೆ ಹಿಂಡೇ ಕಾವಲು. ಆದ್ದರಿಂದಲೇ ಕೆಣಕಿದಾಗ ಇವು ಗುಂಪಾಗಿ ಬೆನ್ನಟ್ಟುತ್ತವೆ.

ಮುನ್ನೆಚ್ಚರಿಕೆ

ಗೂಡಿನ ಕೆಳಗೆ ಬೆಂಕಿ ಹಾಕುವುದು, ಪಟಾಕಿ ಸಿಡಿಸುವುದು, ಕಲ್ಲೆಸೆಯುವುದು ಸಲ್ಲದು. ಜೇನುಗಿಡುಗದಂಥ ಹಕ್ಕಿ ಎರಿಗೆ ಎರಗಿದಾಗಲೂ ಕೆಳಗಿರುವವರಿಗೆ ಅಪಾಯ ತಪ್ಪಿದ್ದಲ್ಲ. ಆದುದರಿಂದ ಊಟಕ್ಕೆ, ವಿಶ್ರಾಂತಿಗೆ ಕುಳಿತುಕೊಳ್ಳುವ ಮುನ್ನ ಒಮ್ಮೆ ತಲೆಯೆತ್ತಿ ನೋಡುವುದು ಒಳಿತು. ಕಪ್ಪು ಬಟ್ಟೆ, ಗಾಢ ಸುಗಂಧದ್ರವ್ಯ ಬೇಡ.

ದಾಳಿ ನಡೆದಾಗ

ಜೇನು ಕುಟುಕಿದ ಜಾಗದಿಂದ ಬಾಳೆಹಣ್ಣಿನಂಥ ವಾಸನೆಯ ರಾಸಾಯನಿಕ ಹೊಮ್ಮುತ್ತದೆ. ಉಳಿದ ಜೇನುಗಳಿಗೆ ಅದೇ ದಾಳಿಯ ಕರೆ. ಹೀಗಾಗಿ ನಿಂತಲ್ಲೇ ಕೈ ಬೀಸುತ್ತ ಹೊಡೆಯುವುದರಿಂದ ಅಪಾಯ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ. ಬಟ್ಟೆಯಿಂದ ತಲೆ, ಮುಖ ಮುಚ್ಚಿಕೊಂಡು ಕೂಡಲೇ ಓಡಿ, ಕಟ್ಟಡ ಅಥವಾ ವಾಹನದೊಳಗೆ ಸೇರಿ ಬಾಗಿಲು ಹಾಕಿಕೊಳ್ಳಬೇಕು. ನೀರಿಗೆ ಹಾರಬಾರದು, ತಲೆ ಎತ್ತುವವರೆಗೂ ಜೇನುಗಳು ಮೇಲೆಯೇ ಸುಳಿದಾಡುತ್ತಿರುತ್ತವೆ.

ಪ್ರಥಮ ಚಿಕಿತ್ಸೆ

ಚರ್ಮದಲ್ಲಿ ಉಳಿದ ಕೊಂಡಿಗೆ ಅಂಟಿದ ಚೀಲ ವಿಷವನ್ನು ಒಳಗೆ ಹರಿಸುತ್ತಲೇ ಇರುತ್ತದೆ. ಉಗುರಿನಿಂದಲೋ, ಕಾರ್ಡಿನ ಅಂಚಿನಿಂದಲೋ, ಹೇಗಾದರೂ ಸರಿ, ತಡಮಾಡದೆ ಅದನ್ನು ತೆಗೆಯಬೇಕು. ಬಳಿಕ ಸೋಪಿನಿಂದ ತೊಳೆದು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಬೇಕು.

ಮೈಯೆಲ್ಲ ದದ್ದು, ತುಟಿ ಅಥವಾ ನಾಲಿಗೆ ಊತ, ಉಸಿರಾಟದ ತೊಂದರೆ, ತಲೆಸುತ್ತು ಕಂಡರೆ ಅದು ತೀವ್ರ ಅಲರ್ಜಿಯ ಲಕ್ಷಣ. ಇಂಥವರಿಗೆ ಒಂದೇ ಕುಟುಕು ಸಹ ಪ್ರಾಣಾಪಾಯ ತರಬಲ್ಲದು. ಅಡ್ರಿನಲಿನ್ ಚುಚ್ಚುಮದ್ದು ಬೇಗ ದೊರೆಯುವುದು ಮುಖ್ಯ. ಸುಣ್ಣ ಹಚ್ಚುತ್ತ ಹೊತ್ತು ಕಳೆಯದೆ 108ಕ್ಕೆ ಕರೆ ಮಾಡಬೇಕು. ಹಲವಾರು ಜೇನುಗಳು ಕುಟುಕಿದ್ದರೆ ಆರಾಮವೆನಿಸಿದರೂ ವೈದ್ಯರನ್ನು ಕಾಣಲೇಬೇಕು. ಹೆಚ್ಚಿನ ವಿಷದಿಂದ ಮೂತ್ರಪಿಂಡಕ್ಕೆ ಆಗುವ ಹಾನಿ ಒಂದೆರಡು ದಿನಗಳ ನಂತರ ಗೋಚರಿಸಬಹುದು.

ಗೂಡಿಗೆ ಬೆಂಕಿ ಬೇಡ

ಕೊಡಗಿನ ಕಾಫಿ ಹೂವುಗಳ ಪರಾಗಸ್ಪರ್ಶದಲ್ಲಿ ಹೆಜ್ಜೇನಿನ ಪಾತ್ರ ದೊಡ್ಡದು. ಋತುಮಾನಕ್ಕೆ ತಕ್ಕಂತೆ ಇವು ವಲಸೆ ಹೋಗುವುದರಿಂದ, ಜನಸಂಚಾರವಿಲ್ಲದೆಡೆ ಇರುವ ಗೂಡನ್ನು ಹಾಗೆಯೇ ಬಿಡುವುದು ಲೇಸು. ತೆರವು ಅನಿವಾರ್ಯವಾದರೆ ಆ ಕೆಲಸ ನುರಿತವರಿಗೇ ಇರಲಿ.