ಅಟಾಲಾಳನ್ನು ಮಣ್ಣು ಮಾಡಿದ ಚಿತ್ರ

ಫ್ರೆಂಚ್ ಚಿತ್ರಕಾರ ಆನ್-ಲೂಯಿ ಜಿರೊದೆ 1808ರ ಪ್ಯಾರಿಸ್ ಸಲಾನ್ ಪ್ರದರ್ಶನದಲ್ಲಿಟ್ಟ ‘ಅಟಾಲಾಳ ಸಮಾಧಿ’ ಈಗ ಲೂವ್ರ್ ಸಂಗ್ರಹಾಲಯದಲ್ಲಿದೆ. ಎರಡು ಮೀಟರ್ ಎತ್ತರ, ಎರಡೂವರೆ ಮೀಟರಿಗೂ ಮಿಕ್ಕ ಅಗಲದ ಈ ತೈಲಚಿತ್ರದ ನಾಯಕಿ ಪುರಾಣದವಳಲ್ಲ, ಚರಿತ್ರೆಯವಳೂ ಅಲ್ಲ. ಏಳೇ ವರ್ಷ ಹಿಂದೆ ಅಚ್ಚಾಗಿದ್ದ ಕಿರುಕಾದಂಬರಿಯೊಂದರವಳು.

ಅದನ್ನು ಬರೆದ ಶತೋಬ್ರಿಯಾನ್ 1791ರಲ್ಲಿ ಅಮೆರಿಕೆಗೆ ಹೋಗಿಬಂದಿದ್ದ. ಪುಸ್ತಕ ಹೊರಬಂದ 1801ರಲ್ಲೇ ನೆಪೋಲಿಯನ್ ಪೋಪರೊಡನೆ ಒಪ್ಪಂದ ಮಾಡಿಕೊಂಡ. ಫ್ರೆಂಚ್ ಕ್ರಾಂತಿ ಹಿಂದಕ್ಕೆ ತಳ್ಳಿದ್ದ ಧರ್ಮಕ್ಕೆ ಮತ್ತೆ ಮನ್ನಣೆ ಬರುತ್ತಿತ್ತು. ಕಥೆಯ ಅಟಾಲಾ ಮೂಲನಿವಾಸಿ ತಾಯಿಗೂ ಸ್ಪೇನಿನ ತಂದೆಗೂ ಹುಟ್ಟಿದ ಕ್ರೈಸ್ತ ಹುಡುಗಿ. ತನ್ನವರ ಸೆರೆಯಲ್ಲಿದ್ದ ನಾಚೆಜ್ ಬುಡಕಟ್ಟಿನ ತರುಣ ಶಾಕ್ತಾಸನನ್ನು ಬಿಡಿಸಿ ಅವನೊಡನೆ ಕಾಡು ಸೇರುತ್ತಾಳೆ. ಆದರೆ ಮಗಳನ್ನು ಕನ್ಯೆಯಾಗಿಯೇ ಉಳಿಸುವುದಾಗಿ ತಾಯಿ ಹರಕೆ ಹೊತ್ತಿದ್ದಳು. ಸಾಯುತ್ತಿದ್ದ ತಾಯಿಗೆ ಮಗಳೂ ಮಾತು ಕೊಟ್ಟಿದ್ದಳು. ಪ್ರೀತಿ ಆ ಮಾತನ್ನು ಮುರಿಸೀತೆಂದು ಹೆದರಿ ಅವಳು ವಿಷ ಕುಡಿಯುತ್ತಾಳೆ. ಹರಕೆಯಿಂದ ಬಿಡುಗಡೆ ಕೊಡುವ ಅಧಿಕಾರ ಬಿಷಪ್ಪರಿಗಿದೆಯೆಂದು ಪಾದ್ರಿ ಓಬ್ರಿ ತಿಳಿಸುವ ಹೊತ್ತಿಗೆ ವಿಷ ಏರಿರುತ್ತದೆ.

ಕಾದಂಬರಿಯಲ್ಲಿ ಶಾಕ್ತಾಸ್ ಶವವನ್ನು ಹೆಗಲ ಮೇಲೆ ಹೊತ್ತು ನಡೆಯುತ್ತಾನೆ; ಅವಳ ಸಮಾಧಿ ಬಂಡೆಯ ಕಮಾನೊಂದರ ಅಡಿಯಲ್ಲಿದೆ. ಜಿರೊದೆ ಇದನ್ನು ಬದಲಿಸಿ, ಮೂವರನ್ನೂ ಗುಹೆಯೊಳಗೆ ತಂದ. ಓಬ್ರಿ ಅವಳ ಭುಜ ಹಿಡಿದಿದ್ದಾನೆ, ಶಾಕ್ತಾಸ್ ಕಾಲುಗಳನ್ನು ತಬ್ಬಿ ಕುಸಿದಿದ್ದಾನೆ. ಬಿಳಿ ಬಟ್ಟೆ ಸುತ್ತಿದ ಅಟಾಲಾಳ ಕೈಯಲ್ಲಿ ಒಂದು ಶಿಲುಬೆ, ಗುಹೆಯ ಬಾಯಿಂದಾಚೆ ದೂರದಲ್ಲಿ ಇನ್ನೊಂದು. ಗೋಡೆಯಲ್ಲಿ ಬೈಬಲ್ಲಿನ ಯೋಬನ ಗ್ರಂಥದ ಮಾತು ಕೆತ್ತಿದೆ. ಯೇಸುವನ್ನು ಸಮಾಧಿಗಿಳಿಸುವ ಹಳೆಯ ಚಿತ್ರಗಳ ಜೋಡಣೆಯೇ ಇದು; ಯೇಸುವಿನ ಜಾಗದಲ್ಲಿ ಕಾದಂಬರಿಯ ಹೆಣ್ಣಿದ್ದಾಳೆ, ಅಷ್ಟೆ. ಆದರೆ ಬೆಳಕು ತೆಳುಬಟ್ಟೆಯೊಳಗಿನ ಅವಳ ಮೈಯನ್ನು ತಡವುವ ಬಗೆಯಲ್ಲಿ ವೈರಾಗ್ಯವೇನೂ ಕಾಣದು. ಪಾವಿತ್ರ್ಯ, ಮೋಹ ಎರಡನ್ನೂ ಒಂದೇ ದೇಹದಲ್ಲಿ ತೋರಿಸಿದ್ದರಿಂದಲೇ ಇದು ರೊಮ್ಯಾಂಟಿಕ್ ಕಲೆಯ ಮೊದಲ ಸಾಲಿಗೆ ಸೇರುತ್ತದೆ.

ಶಾಕ್ತಾಸನ ಮೈಕಟ್ಟು ಮಾತ್ರ ಜಿರೊದೆಗೆ ಗುರು ಡಾವಿಡ್ ಕಲಿಸಿದ ಗ್ರೀಕ್ ಮಾದರಿಯದು. ಕಿವಿಯ ಆಭರಣವನ್ನೂ ಉದ್ದ ಕೂದಲನ್ನೂ ಬಿಟ್ಟರೆ ಅಮೆರಿಕೆಯ ಗುರುತು ಕಡಿಮೆ. ನಿಜವಾದ ನಾಚೆಜ್ ಜನರನ್ನು 1729ರ ದಂಗೆಯ ಬಳಿಕ ಚದುರಿಸಿದ್ದು ಫ್ರೆಂಚರೇ. ಸಲಾನಿನಲ್ಲಿ ಈ ಚಿತ್ರಕ್ಕೆ ಮರುಗಿದವರಲ್ಲಿ ಎಷ್ಟು ಮಂದಿಗೆ ಅದು ನೆನಪಿತ್ತೋ!

ಅಟಾಲಾಳ ಖ್ಯಾತಿ ಸಲಾನಿಗಷ್ಟೇ ಸೀಮಿತವಾಗಿರಲಿಲ್ಲ. ಹೆದ್ದಾರಿಯ ತಂಗುಮನೆಗಳ ಗೋಡೆಗಳಲ್ಲಿ ಅಟಾಲಾಳ ಅಗ್ಗದ ಬಣ್ಣದ ಪಟಗಳು ನೇತಾಡುತ್ತಿದ್ದುದನ್ನೂ, ಅವಳ ಮೇಣದ ಗೊಂಬೆಗಳು ಪ್ಯಾರಿಸಿನ ನದೀದಂಡೆಯಲ್ಲಿ ಕಾಣಸಿಗುತ್ತಿದ್ದುದನ್ನೂ ಶತೋಬ್ರಿಯಾನನೇ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. ಅವನ ಭಾವಚಿತ್ರವನ್ನೂ ಜಿರೊದೆ ಬರೆದು 1810ರ ಸಲಾನಿನಲ್ಲಿಟ್ಟ. 1871ರಲ್ಲಿ ಮೆಕ್ಸಿಕೊದ ಲೂಯಿಸ್ ಮೊನ್ರೊಯ್ ಅಟಾಲಾಳ ಕೊನೆಯ ಗಳಿಗೆಯನ್ನೇ ವಸ್ತುವಾಗಿ ಆರಿಸಿಕೊಂಡ.