ಗವಾನನ ಮದರಸಾದ ಎರಡನೆಯ ಮಿನಾರು

ಬೀದರದ ಮಹಮೂದ ಗವಾನನ ಮದರಸಾಕ್ಕೆ ನನ್ನೊಡನೆ ಶಾಲಾ ಪ್ರವಾಸ ಬಂದಿದ್ದ ಶಿಷ್ಯರಿಗೆ, ದುಬಲಗುಂಡಿಗೆ ಮರಳಿದ ಮೇಲೆ ನಾವೆಲ್ಲ ಕೂಡಿ ಮಾಡಿದ ರಟ್ಟಿನ ಮಾದರಿಯೂ ನೆನಪಿರಬಹುದು. ಅದಕ್ಕೆ ಒಂದೇ ಮಿನಾರು. "ಸರ್, ಇನ್ನೊಂದು ಎಲ್ಲಿ?" ಎಂದು ನಿಮ್ಮಲ್ಲೊಬ್ಬರು ಕೇಳಿದಾಗ "ಬಿದ್ದುಹೋಯಿತು" ಎಂದಷ್ಟೇ ಹೇಳಿ ಪಾಠ ಮುಂದುವರಿಸಿದ್ದೆ. ಆ ಉತ್ತರ ಸಾಲದೆಂದು ನನಗೆ ಅಂದೇ ಗೊತ್ತಿತ್ತು.

1472ರಲ್ಲಿ ಕಟ್ಟಿಸಿದ ಈ ವಿದ್ಯಾಲಯವು ಮೂರು ಅಂತಸ್ತಿನದು. ಸುಮಾರು 205 ಅಡಿ ಉದ್ದ, 180 ಅಡಿ ಅಗಲ. ಮುಂಭಾಗದ ಎರಡು ಮೂಲೆಗಳಲ್ಲಿ ಬಣ್ಣದ ಬಿಲ್ಲೆಗಳನ್ನು ಹೊದಿಸಿದ ಮಿನಾರುಗಳಿದ್ದವು. ಇರಾನಿನ ಗಿಲಾನದಿಂದ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಗವಾನನು 1481ರಲ್ಲಿ ಒಂದು ಸುಳ್ಳು ಪತ್ರದ ಕಾರಣದಿಂದ ಸುಲ್ತಾನನ ಆಜ್ಞೆಯಂತೆ ಹತನಾದನು. ಅವನ ಕಟ್ಟಡ ಮತ್ತೆ ಎರಡು ಶತಮಾನ ಅಖಂಡವಾಗಿ ನಿಂತಿತ್ತು. ಔರಂಗಜೇಬನ ಕಾಲದಲ್ಲಿ ಮದ್ದು ಸಿಡಿದು ಒಂದು ಮಿನಾರೂ ಮುಂಭಾಗದ ದೊಡ್ಡ ಪಾಲೂ ಕುಸಿದವು.

ಈಗ ನನ್ನ ಕೈ ನಡುಗುತ್ತದೆ. ಬ್ಲೇಡು ಹಿಡಿದು ರಟ್ಟು ಕತ್ತರಿಸಲಾರೆ. ಅದನ್ನು ಕಂಡ ಮೊಮ್ಮಗ ರಜೆಯಲ್ಲಿ ಬಂದಾಗ ಒಂದು ತ್ರೀ-ಡಿ ಪ್ರಿಂಟರ್ ತಂದು, "ಮುತ್ಯಾ, ಇನ್ನ ಮೌಸ್ ಹಿಡೀರಿ" ಎಂದ. ಅಮೆರಿಕದ ಚಕ್ ಹಲ್ 1984ರಲ್ಲಿ ಇಂಥ ಪದರಪದರದ ನಿರ್ಮಾಣಕ್ಕೆ ಪೇಟೆಂಟ್ ಕೋರಿದ್ದರು. ಪ್ಲಾಸ್ಟಿಕ್ ಕರಗಿಸಿ ಎಳೆಯಾಗಿ ಹಾಸುವ ಸ್ಕಾಟ್ ಕ್ರಂಪ್ ಅವರ ವಿಧಾನದ ಪೇಟೆಂಟ್ 2009ರಲ್ಲಿ ಮುಗಿದ ಮೇಲೆ ಬೆಲೆಯಿಳಿದು ಈ ಯಂತ್ರಗಳು ಮನೆಗಳಿಗೆ ಬಂದವು. ಹಳ್ಳಿಗೇಕೆ ಇದೆಲ್ಲ ಎನ್ನುವವರಿಗೆ ಒಂದು ಮಾತು: ಪುಣೆ ಜಿಲ್ಲೆಯ ಪಾಬಳ ಎಂಬ ಹಳ್ಳಿಯ ವಿಜ್ಞಾನ ಆಶ್ರಮದಲ್ಲಿ 2002ರಲ್ಲಿಯೇ ಫ್ಯಾಬ್ ಲ್ಯಾಬ್ ಆರಂಭವಾಗಿತ್ತು.

ಇನ್ನೂರರಲ್ಲಿ ಒಂದು ಪಾಲಿನ ಅಳತೆ ಹಿಡಿದೆ. ಉದ್ದ ಒಂದಡಿಗೆ ತುಸು ಹೆಚ್ಚು. ಪದರವೊಂದಕ್ಕೆ 0.2 ಮಿಲಿಮೀಟರ್ ದಪ್ಪವಾದರೆ ಗೇಣುದ್ದದ ಮಿನಾರಿಗೆ ಸುಮಾರು ಸಾವಿರ ಪದರ ಬೇಕು. ಮೊದಲ ಮಿನಾರು ಅರ್ಧರಾತ್ರಿಯಲ್ಲಿ ತಳದಿಂದ ಕಿತ್ತು, ಬೆಳಗ್ಗೆ ನೋಡಿದರೆ ಶಾವಿಗೆಯ ಗುಪ್ಪೆ! ಕಮಾನುಗಳಿಗೆ ಅಡಿಯಿಂದ ಆಧಾರ ಕೊಡಬೇಕೆಂಬುದನ್ನೂ ಹಾಳು ಮಾಡಿಯೇ ಕಲಿತೆ. ಸ್ಲ್ಯಾಬಿಗೆ ಸೆಂಟ್ರಿಂಗ್ ಕಟ್ಟುವ ನಮ್ಮೂರ ಗೌಂಡಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಆಮೇಲೆ ಮೊಮ್ಮಗ ಒಂದು ಗುಂಡಿ ತೋರಿಸಿದ. ಅದನ್ನು ಒತ್ತಿದರೆ ಉಳಿದ ಮಿನಾರಿನ ಕನ್ನಡಿ ಪ್ರತಿಬಿಂಬ ಎದುರು ಮೂಲೆಯಲ್ಲಿ ಎದ್ದು ನಿಲ್ಲುತ್ತದೆ. ಮುನ್ನೂರು ವರ್ಷದ ಹಿಂದೆ ಬಿದ್ದುದು ಕ್ಷಣಾರ್ಧದಲ್ಲಿ ಎದ್ದಿತು! ಸಂತೋಷವಾಯಿತು, ಸುಳ್ಳಲ್ಲ. ಆದರೆ ಉಳಿದ ಮಿನಾರಿನಿಂದ ಬಿಲ್ಲೆಗಳು ಉದುರಿದ ಗುರುತುಗಳನ್ನು ನಾನು ಫೋಟೋ ನೋಡಿ ತಿದ್ದಿ ಕೂರಿಸಿದ್ದೆ. ಅವೆಲ್ಲ ಹೊಸ ಮಿನಾರಿನ ಮೈಮೇಲೂ ಹಾಗೆಯೇ ಮೂಡಿದ್ದವು. ಬಿದ್ದುಹೋದ ಮಿನಾರಿಗೆ ಆ ಗಾಯಗಳೆಲ್ಲಿಂದ ಬರಬೇಕು?

ಎರಡು ದಿನ ಯೋಚಿಸಿ ಎಲ್ಲ ಅಲಂಕಾರವನ್ನೂ ಅಳಿಸಿದೆ. ಉಳಿದ ಕಟ್ಟಡವನ್ನು ಕಂದು ಬಣ್ಣದಲ್ಲಿ, ಬಿದ್ದ ಭಾಗವನ್ನು ಬರಿಯ ಬಿಳಿಯಲ್ಲಿ ಮುದ್ರಿಸಿದೆ. "ಅರ್ಧಂಬರ್ಧ ಕಾಣ್ತದ" ಎಂದು ಮೊಮ್ಮಗನಿಗೆ ಅಸಮಾಧಾನ. ಮಾದರಿ ಪಡಸಾಲೆಯಲ್ಲಿದೆ. ಅಂದು ಪ್ರಶ್ನೆ ಕೇಳಿದವರು ಯಾರೆಂಬುದು ಮರೆತಿದ್ದೇನೆ; ಓದುತ್ತಿದ್ದರೆ ಊರಿಗೆ ಬಂದಾಗ ಮನೆಗೆ ಬನ್ನಿ.