ಪ್ರಳಯವನ್ನು ಕಾದ ಮನೆಯಲ್ಲಿ ವೇಷಧಾರಿಗಳು

ಅಮೆರಿಕದ ಚಿಕಾಗೋ ನಗರಕ್ಕೆ ತಗುಲಿಕೊಂಡಿರುವ ಓಕ್ ಪಾರ್ಕ್ ಎಂಬ ಊರಿನಲ್ಲಿ ಡೊರೊಥಿ ಮಾರ್ಟಿನ್ ಎಂಬ ಗೃಹಿಣಿಯಿದ್ದಳು. ಲೇಖನಿಯನ್ನು ಹಿಡಿದು ಕುಳಿತರೆ ಅನ್ಯಗ್ರಹವಾಸಿಗಳು ತನ್ನ ಕೈಯಿಂದ ಬರೆಯಿಸುವರೆಂದು ಆಕೆಯು ನಂಬಿದ್ದಳು. 1954ನೆಯ ಡಿಸೆಂಬರ್ 21ರಂದು ಮಹಾಪ್ರವಾಹವುಂಟಾಗುವುದೆಂದೂ, ನಂಬಿದವರನ್ನು ಹಾರುವ ತಟ್ಟೆಗಳು ಬಂದು ಕರೆದೊಯ್ಯುವುವೆಂದೂ ಆ ಬರಹವು ಸಾರಿತು. ಇದನ್ನು ನಂಬಿದವರೆಲ್ಲರೂ ಪಾಮರರಲ್ಲ. ಕಾಲೇಜೊಂದರ ವೈದ್ಯನು ಈ ನಂಬಿಕೆಗಾಗಿ ತನ್ನ ಉದ್ಯೋಗವನ್ನೇ ಕಳೆದುಕೊಂಡನು.

ಈ ಸಮಾಚಾರವನ್ನು ವೃತ್ತಪತ್ರಿಕೆಯಲ್ಲಿ ಓದಿದ ಮಿನೆಸೋಟ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರನು ಹೆನ್ರಿ ರೀಕನ್, ಸ್ಟ್ಯಾನ್ಲಿ ಶಾಕ್ಟರ್ ಎಂಬ ಸಂಗಡಿಗರೊಡನೆ ಒಂದು ಉಪಾಯವನ್ನು ಹೂಡಿದನು. ಭವಿಷ್ಯವಾಣಿಯು ಸುಳ್ಳಾದರೆ ಭಕ್ತರು ಅದನ್ನು ಬಿಡುವುದಿಲ್ಲ, ಮತ್ತಷ್ಟು ಉತ್ಸಾಹದಿಂದ ಬೋಧಿಸತೊಡಗುವರು ಎಂಬುದು ಅವರ ಊಹೆ. ಅದನ್ನು ಪರೀಕ್ಷಿಸಲು ಅವರೂ ಅವರು ನೇಮಿಸಿದ ವೀಕ್ಷಕರೂ ಭಕ್ತರ ವೇಷದಲ್ಲಿ ಒಳಹೊಕ್ಕರು.

ಬಾಗಿಲು ತೆರೆಯಬೇಕಾದರೆ ಕಥೆಯೊಂದು ಬೇಕಷ್ಟೆ. ಪ್ರವಾಹದಿಂದ ತನ್ನನ್ನು ತೇಜಸ್ವಿಯಾದ ಪುರುಷನೊಬ್ಬನು ಮೇಲೆತ್ತಿದಂತೆ ಕನಸು ಕಂಡೆನೆಂದು ವೀಕ್ಷಕಿಯೊಬ್ಬಳು ಹೇಳಿದಳು. ಮೆಕ್ಸಿಕೋದಲ್ಲಿ ಮೋಟಾರಿಗೆ ಹತ್ತಿಸಿಕೊಂಡ ಮುದುಕಿಯು ವಿಪತ್ತನ್ನು ನುಡಿದು ಮಾಯವಾದಳೆಂದು ಮತ್ತೊಬ್ಬನು ಹೇಳಿದನು. ಎರಡೂ ಕಟ್ಟುಕಥೆಗಳೇ. ಭಕ್ತರಿಗಾದರೋ ಪರಲೋಕದವರೇ ಇವರನ್ನು ಕಳುಹಿದರೆಂದು ಪರಮಾನಂದವಾಯಿತು. ಸಂಶಯದಿಂದ ಬಂದವರೇ ಸಾಕ್ಷಿಗಳಾಗಿ ನಿಂತುದು ಹೀಗೆ! ಒಮ್ಮೆ ಮಾರ್ಟಿನಳು ಸಭೆಯನ್ನು ನಡೆಸಬೇಕೆಂದು ವೀಕ್ಷಕನೊಬ್ಬನನ್ನು ಕೇಳಿಕೊಂಡಳು. ಏನನ್ನೂ ಮಾಡದಿರುವುದೇ ಕ್ಷೇಮವೆಂದು ಆತನು ಮೌನಧ್ಯಾನವನ್ನು ಸೂಚಿಸಿದನು. ಆ ಮೌನದಲ್ಲಿಯೇ ಮತ್ತೊಬ್ಬ ಭಕ್ತೆಯ ಮೈಮೇಲೆ ಆವೇಶ ಬಂದಿತು. ಇವೆಲ್ಲವನ್ನೂ ಬಚ್ಚಲುಮನೆಯಲ್ಲಿ ಅವಿತು ಬರೆದುಕೊಳ್ಳಬೇಕಾಗಿತ್ತು.

ಡಿಸೆಂಬರ್ 20ರ ಅರ್ಧರಾತ್ರಿಗೆ ದೂತನು ಬರಬೇಕು. ತಟ್ಟೆಯಲ್ಲಿ ಲೋಹವು ಅಪಾಯಕರವೆಂದು ಎಲ್ಲರೂ ಉಡುಪಿನ ಲೋಹವನ್ನೆಲ್ಲ ಕಿತ್ತೆಸೆದಿದ್ದರು. ಪಂಡಿತರಲ್ಲೊಬ್ಬನ ಷರಾಯಿಯ ಜಿಪ್ಪು ಮಾತ್ರ ಉಳಿದಿತ್ತು. ಆ ವೈದ್ಯನು ನಡುಗುವ ಕೈಯಿಂದ ಕ್ಷೌರದ ಅಲಗು ಹಿಡಿದು ಅದನ್ನು ಕತ್ತರಿಸಿದನು. ಹನ್ನೆರಡು ಹೊಡೆಯಿತು, ಯಾರೂ ಬರಲಿಲ್ಲ. ಬೆಳಗಿನ ಜಾವ 4 ಗಂಟೆ 45 ನಿಮಿಷಕ್ಕೆ ಹೊಸ ಸಂದೇಶ ಬಂದಿತು: ಈ ಚಿಕ್ಕ ಗುಂಪು ರಾತ್ರಿಯಿಡೀ ಬೀರಿದ ಬೆಳಕಿನಿಂದ ಲೋಕವು ಉಳಿಯಿತಂತೆ. ಮಾರ್ಟಿನಳು ಪತ್ರಿಕೆಯವರನ್ನು ತಾನಾಗಿಯೇ ಟೆಲಿಫೋನಿನಲ್ಲಿ ಕರೆದಳು.

ಊಹೆ ನಿಜವಾಯಿತೆಂದು 1956ರಲ್ಲಿ ಪ್ರಕಟವಾದ ಗ್ರಂಥವು ಸಾರಿತು. ಮನಶ್ಶಾಸ್ತ್ರದ ಪಾಠಗಳಲ್ಲಿ ಅದು ಬೇರೂರಿತು. ವೇಷಧಾರಿಗಳು ಭಕ್ತರ ಮೇಲೆ ಪರಿಣಾಮ ಬೀರಿದುದನ್ನು ಗ್ರಂಥಕಾರರು ಅನುಬಂಧದಲ್ಲಿ ಒಪ್ಪಿಕೊಂಡಿದ್ದರೂ ಅದನ್ನು ಓದಿದವರು ವಿರಳ. ಫೆಸ್ಟಿಂಗರನ ಕಾಗದಪತ್ರಗಳನ್ನು ಪರಿಶೀಲಿಸಿ ಥಾಮಸ್ ಕೆಲ್ಲಿಯು 2025ರಲ್ಲಿ ಪ್ರಕಟಿಸಿದ ಲೇಖನವು ಇನ್ನೂ ಮುಂದೆ ಹೋಗುತ್ತದೆ: ಭಕ್ತರು ಮೊದಲೇ ಬೋಧಿಸುತ್ತಿದ್ದರು, ಪ್ರವಾಹವು ಬಾರದಿದ್ದ ಮೇಲೆ ಗುಂಪು ಬೇಗನೆ ಚದುರಿತು; ರೀಕನನಾದರೋ ಆ ಮನೆಯಲ್ಲಿ ಆಧ್ಯಾತ್ಮಿಕ ಅಧಿಕಾರವುಳ್ಳವನಂತೆ ನಟಿಸಿದ್ದನು.